ಒಂದೇ ಕಂಪ್ಯೂಟರ್, ಎರಡು ಫೋನ್ ಲೈನ್, ಹಗಲಿಡೀ ಡಿಟಿಪಿ: ಕಾಸರಗೋಡಿನ ಒಂದು ಬಿಬಿಎಸ್ ಪ್ರಕರಣ

ಹಳೆಯ ಡಾಸ್ (ವಿಂಡೋಸಿಗೂ ಮೊದಲಿನ, ಒಮ್ಮೆಗೆ ಒಂದೇ ಪ್ರೋಗ್ರಾಂ ಓಡಿಸುವ ಆಪರೇಟಿಂಗ್ ಸಿಸ್ಟಂ) ಬಿಬಿಎಸ್ ಒಂದನ್ನು ಈಗಿನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಲು ಹೊರಟ ಇಬ್ಬರು ಹುಡುಗರು ಈಚೆಗೆ ನನ್ನನ್ನು ಕೇಳಿದರು, "ಆಗ ನೀವೆಲ್ಲ ಹೇಗೆ ಮಾಡ್ತಿದ್ರಿ?" ಅವರಿಗೆ ಹೇಳುತ್ತಾ ಹೋದ ಹಾಗೆ 1995ರ ಒಂದು ಕೆಲಸ ಪೂರ್ತಿ ನೆನಪಿಗೆ ಬಂತು. ಆಗ ಬರೆದಿಟ್ಟ ನೋಟ್‌ಬುಕ್ಕೂ ಸಿಕ್ಕಿತು. ಊರು ಮತ್ತು ಜನರ ಗುರುತು ಬಿಟ್ಟು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಬಿಎಸ್ ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಂ. ಅದನ್ನು ನೋಡದವರಿಗೆ ಎರಡು ಮಾತು. ಒಂದು ಕಂಪ್ಯೂಟರಿಗೆ ಮೊಡೆಮ್ (ಕಂಪ್ಯೂಟರಿನ ಮಾತನ್ನು ಫೋನಿನಲ್ಲಿ ಹೋಗುವ ಸದ್ದಾಗಿ ಬದಲಿಸುವ ಸಾಧನ) ಮೂಲಕ ಫೋನ್ ಲೈನ್ ಜೋಡಿಸಿ ಇಡುವುದು. ಬೇರೆಯವರು ತಮ್ಮ ಮೊಡೆಮ್‌ನಿಂದ ಆ ನಂಬರಿಗೆ ಕರೆ ಮಾಡಿ ಸಂದೇಶ ಓದುವುದು, ಬರೆಯುವುದು, ಫೈಲ್ ಇಳಿಸಿಕೊಳ್ಳುವುದು. 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸೂಸ್ ಇಂಥದ್ದನ್ನು ಮೊದಲು ಶುರು ಮಾಡಿದರು. ನಮ್ಮಲ್ಲಿ 1995ರ ಆಗಸ್ಟ್ 15ರಂದು ಸಾಮಾನ್ಯ ಜನರಿಗೆ ಇಂಟರ್ನೆಟ್ ಬಂತು, ಆದರೆ ಅದು ದೊಡ್ಡ ನಗರಗಳಲ್ಲಿ. ಕಾಸರಗೋಡಿನಿಂದ ಅಲ್ಲಿಗೆ ಎಸ್‌ಟಿಡಿ ಮಾಡಬೇಕು. ಊರಿನೊಳಗೆ ಲೋಕಲ್ ಕರೆಗೆ ಸಿಗುವ ಬಿಬಿಎಸ್‌ಗೆ ಹಾಗಾಗಿ ಬೆಲೆ ಇತ್ತು.

ಪೇಟೆಯ ಕಂಪ್ಯೂಟರ್ ಸೆಂಟರ್

ಜಿಲ್ಲೆಯ ಉತ್ತರ ಭಾಗದ ಒಂದು ಸಣ್ಣ ಪೇಟೆ. ಅಲ್ಲಿ ನಿವೃತ್ತ ಗಣಿತ ಮಾಷ್ಟ್ರೊಬ್ಬರು ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ಮಕ್ಕಳಿಗೆ ಕ್ಲಾಸು, ಉಳಿದ ಹೊತ್ತು ಕನ್ನಡ ಡಿಟಿಪಿ: ಮದುವೆ ಕಾಗದ, ಯಕ್ಷಗಾನದ ನೋಟೀಸು, ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ. ಡಿಟಿಪಿ ಮಾಡುತ್ತಿದ್ದದ್ದು ಒಬ್ಬ ಹುಡುಗಿ. ಈ ಪ್ರಕರಣದ ಮುಖ್ಯ ತೀರ್ಮಾನವೊಂದು ಅವಳದ್ದೇ.

ಯಂತ್ರ 486 ಪ್ರೊಸೆಸರಿನದ್ದು, 66 ಮೆಗಾಹರ್ಟ್ಸ್, 8 ಎಂಬಿ ಮೆಮೊರಿ. ಕ್ಲಾಸಿನ ಹಳೆಯ ಯಂತ್ರಗಳು ಬೇರೆ ಇದ್ದವು, ಆದರೆ ಕನ್ನಡ ಫಾಂಟ್, ಲೇಸರ್ ಪ್ರಿಂಟರ್, ಮೊಡೆಮ್ ಎಲ್ಲ ಇದ್ದದ್ದು ಇದೊಂದಕ್ಕೇ. ರಾತ್ರಿ 9 ಗಂಟೆಗೆ ಡಿಟಿಪಿ ಮುಗಿದ ಮೇಲೆ ಮಾಷ್ಟ್ರು ಡಾಸ್‌ಗೆ ಹೋಗಿ ಬಿಬಿಎಸ್ ಚಾಲೂ ಮಾಡಿ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಬಂದು ನಿಲ್ಲಿಸುತ್ತಿದ್ದರು.

ಕರೆ ಮಾಡುವವರು ಬಹಳ ಇರಲಿಲ್ಲ. ಇಬ್ಬರು ಅಡಿಕೆ ವ್ಯಾಪಾರಿಗಳು, ಒಂದು ಸೊಸೈಟಿ, ಒಬ್ಬ ಡಾಕ್ಟರು, ರಜೆಗೆ ಊರಿಗೆ ಬರುವ ಇಂಜಿನಿಯರಿಂಗ್ ಹುಡುಗರು, ಕೆಲವು ಅಧ್ಯಾಪಕರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು, ಎಲ್ಲರ ಕಂಪ್ಯೂಟರಿನಲ್ಲೂ ಕನ್ನಡ ಮೂಡುವ ಕಾಲ ಅದಲ್ಲ. ಹೆಚ್ಚು ಓದುತ್ತಿದ್ದದ್ದು ಮಂಗಳೂರು ಮಾರುಕಟ್ಟೆಯ ಅಡಿಕೆ ಧಾರಣೆ. ಹೊಸತು, ಹಳತು, ಡಬಲ್ ಚೋಲ್, ಪಟೋರ, ಕರಿಗೋಟು, ಒಂದೊಂದಕ್ಕೂ ಒಂದೊಂದು ರೇಟು. ಮಾಷ್ಟ್ರು ಮಧ್ಯಾಹ್ನ ಫೋನ್ ಮಾಡಿ ಕೇಳಿ ಬರೆದುಕೊಳ್ಳುತ್ತಿದ್ದರು. ಆದರೆ ಅದು ಜನರಿಗೆ ಸಿಗುತ್ತಿದ್ದದ್ದು ರಾತ್ರಿ 9ರ ಮೇಲೆ. ಅಷ್ಟು ಹೊತ್ತಿಗೆ ಅಡಿಕೆ ಕೊಡುವವರು ಕೊಟ್ಟು ಆಗಿರುತ್ತಿತ್ತು.

"ಸಂಜೆ ನಾಲ್ಕಕ್ಕೆ ಸಿಕ್ಕಿದರೆ ಮಾತ್ರ ಇದರಿಂದ ಪ್ರಯೋಜನ ಮಾರಾಯ. ಡಿಟಿಪಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಇನ್ನೊಂದು ಕಂಪ್ಯೂಟರ್ ತೆಗೀಲಿಕ್ಕೆ ದುಡ್ಡಿಲ್ಲ. ಎಂತ ಮಾಡುದು?" ಎಂದು ಮಾಷ್ಟ್ರು ಕೇಳಿದರು. ನನ್ನನ್ನು ಕರೆಸಿದ್ದು ಇದಕ್ಕೆ.

ವಿಂಡೋಸ್ 3.1, ಮತ್ತು ತಪ್ಪು ದಾರಿಯಲ್ಲಿ ಎರಡು ವಾರ

ಮೊದಲು ಇದ್ದದ್ದರಲ್ಲೇ ನೋಡೋಣ ಅಂದುಕೊಂಡೆವು. ವಿಂಡೋಸ್ 3.1ರಲ್ಲಿ ಬಿಬಿಎಸ್‌ಗೆ ಒಂದು ಪಿಫ್ ಫೈಲ್ (ಡಾಸ್ ಪ್ರೋಗ್ರಾಂ ಹೇಗೆ ಓಡಬೇಕೆಂದು ವಿಂಡೋಸಿಗೆ ಹೇಳುವ ಫೈಲ್) ಮಾಡಿ, ಹಿಂಬದಿಯಲ್ಲೂ ಓಡಲಿ ಎಂದು ಗುರುತು ಹಾಕಿ, ಡಾಸ್ ಕಿಟಕಿಯಲ್ಲಿ ಬಿಟ್ಟೆವು. ಕರೆ ಬಂದರೆ ಎತ್ತುತ್ತಿತ್ತು. ಜನ ಮೆನು ನೋಡುತ್ತಿದ್ದರು. ಆದರೆ ಡಿಟಿಪಿ ಕೆಲಸ ಜೋರಾದಾಗ ಕರೆ ಮಾಡಿದವರು ಒತ್ತಿದ ಅಕ್ಷರ ಮಾಯವಾಗುತ್ತಿತ್ತು. ಫೈಲ್ ಕಳಿಸಲು ಹೋದರೆ ಝೆಡ್‌ಮೋಡೆಮ್ (ಫೋನ್ ಮೂಲಕ ಫೈಲ್ ಕಳಿಸುವ ಒಂದು ವಿಧಾನ) ಸಾಲುಸಾಲಾಗಿ ತಪ್ಪು ತೋರಿಸಿ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತಿತ್ತು.

ಹಿಂಬದಿಯಲ್ಲಿ ಓಡುವಾಗ ಬಿಬಿಎಸ್‌ಗೆ ಸಿಗುವ ಪ್ರೊಸೆಸರಿನ ಪಾಲು 50 ಇದ್ದದ್ದನ್ನು 100 ಮಾಡಿದೆವು, 200 ಮಾಡಿದೆವು. ಡಿಟಿಪಿ ನಿಧಾನವಾಯಿತು, ತಪ್ಪು ಹೋಗಲಿಲ್ಲ. ಬಳಿಕ ಡೆಸ್ಕ್‌ವ್ಯೂ ಹಾಕಿದೆವು. ಡಾಸ್ ಮೇಲೆ ಹಲವು ಪ್ರೋಗ್ರಾಂ ಒಟ್ಟಿಗೆ ಓಡಿಸಲು ಆಗಿನ ಬಿಬಿಎಸ್ ನಡೆಸುವವರೆಲ್ಲ ಹೆಸರು ಹೇಳುತ್ತಿದ್ದದ್ದು ಅದನ್ನೇ. ಆದರೆ ನಮ್ಮ ಡಿಟಿಪಿ ವಿಂಡೋಸಿನದ್ದು. ಡೆಸ್ಕ್‌ವ್ಯೂ ಒಳಗೆ ವಿಂಡೋಸ್ ಎಳೆದುಕೊಂಡು ಹೋಗುವುದು 8 ಎಂಬಿಯಲ್ಲಿ ಆಗುವ ಮಾತಲ್ಲ. ಎರಡು ದಿನಕ್ಕೆ ತೆಗೆದೆವು.

ಎಲ್ಲರೂ ದೂರಿದ್ದು ಫೋನ್ ಲೈನನ್ನು. ಮಳೆಗಾಲ, ಕಂಬದ ಮೇಲೆ ಮರದ ಗೆಲ್ಲು, ಲೈನಿನಲ್ಲಿ ಕರಕರ ಸದ್ದು. ನಾನೂ ಹಾಗೇ ನಂಬಿದ್ದೆ. ಇಲ್ಲೇ ಎರಡು ವಾರ ಹೋಯಿತು.

ಒಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಕೆಟ್ಟ ಕರೆಗಳನ್ನೆಲ್ಲ ಸಾಲಾಗಿ ಬರೆದು ನೋಡಿದೆ. ಆಗ ಎರಡು ಸಂಗತಿ ಕಂಡವು. ಒಂದು, ತಪ್ಪಾದ ಕರೆಗಳಲ್ಲಿ ಹೆಚ್ಚಿನವು ವಿ.42 ಎರರ್ ಕರೆಕ್ಷನ್ ಕೂಡಿಕೊಂಡೇ ಕನೆಕ್ಟ್ ಆದವು. ಅಂದರೆ ಮೊಡೆಮ್‌ನಿಂದ ಮೊಡೆಮ್‌ಗೆ ದಾರಿಯಲ್ಲಿ ಕೆಟ್ಟ ಅಕ್ಷರವನ್ನು ಮೊಡೆಮ್‌ಗಳೇ ಮತ್ತೆ ತರಿಸಿ ಸರಿ ಮಾಡುತ್ತವೆ. ಲೈನ್ ಕೆಟ್ಟರೆ ನಿಧಾನ ಆಗಬೇಕು, ಅಕ್ಷರ ಕಾಣೆಯಾಗಬಾರದು. ಎರಡು, ಬಿಬಿಎಸ್‌ನಿಂದ ಇಳಿಸಿಕೊಳ್ಳುವಾಗ ತೊಂದರೆ ಕಡಿಮೆ. ಬಿಬಿಎಸ್‌ಗೆ ಕಳಿಸುವಾಗ ಮಾತ್ರ ಜಾಸ್ತಿ. ಲೈನಿಗೆ ಆ ಕಡೆ ಈ ಕಡೆ ಅಂತ ಭೇದ ಯಾಕೆ?

ಹಾಗಾದರೆ ಅಕ್ಷರ ಕಳೆದುಹೋಗುತ್ತಿದ್ದದ್ದು ಮೊಡೆಮ್ ದಾಟಿದ ಮೇಲೆ, ನಮ್ಮ ಮೇಜಿನ ಮೇಲೆಯೇ. ಮೊಡೆಮ್‌ನಿಂದ ಕಂಪ್ಯೂಟರಿಗೆ ಹೋಗುವ ಒಂದು ಗಜ ಕೇಬಲಿನ ಆಚೆ ತುದಿಯಲ್ಲಿ.

ಮರುದಿನ ಬೆಳಿಗ್ಗೆ ವಿಂಡೋಸ್ ಹಾಕದೆ ಬರೀ ಡಾಸ್‌ನಲ್ಲಿ ಎಂಎಸ್‌ಡಿ ಓಡಿಸಿದೆ, ಯಂತ್ರದೊಳಗೆ ಏನೇನಿದೆ ಎಂದು ತೋರಿಸುವ ಪ್ರೋಗ್ರಾಂ ಅದು. ಕಾಮ್ ಪೋರ್ಟ್‌ಗಳ (ಮೊಡೆಮ್ ಜೋಡಿಸುವ ಸೀರಿಯಲ್ ಪೋರ್ಟ್‌ಗಳ) ಪುಟದಲ್ಲಿ ಕೊನೆಯ ಸಾಲು, ಯೂಆರ್ಟ್ ಚಿಪ್: 8250.

ಅಷ್ಟೇ ವಿಷಯ. ಸೀರಿಯಲ್ ಪೋರ್ಟಿನ ಆ ಚಿಪ್‌ನಲ್ಲಿ ಬಂದ ಅಕ್ಷರ ಕೂರಲು ಒಂದೇ ಜಾಗ. ಸೆಕೆಂಡಿಗೆ 19,200 ಬಿಟ್ ವೇಗದಲ್ಲಿ ಸುಮಾರು ಅರ್ಧ ಮಿಲಿಸೆಕೆಂಡಿಗೆ ಒಂದು ಅಕ್ಷರ ಬರುತ್ತದೆ. ಅಷ್ಟರೊಳಗೆ ಪ್ರೊಸೆಸರ್ ಬಂದು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಅದರ ಮೇಲೆಯೇ ಬಂದು ಬೀಳುತ್ತದೆ. ಬರೀ ಡಾಸ್‌ನಲ್ಲಿ ಪ್ರೊಸೆಸರಿಗೆ ಬೇರೆ ಕೆಲಸ ಇಲ್ಲ, ಬಂದು ಎತ್ತುತ್ತದೆ. ಒಟ್ಟೊಟ್ಟಿಗೆ ಹಲವು ಕೆಲಸ ಹೊತ್ತಾಗ ತಡವಾಗುತ್ತದೆ. 16550ಎ ಚಿಪ್‌ನಲ್ಲಿ 16 ಅಕ್ಷರಗಳ ಸಾಲು ನಿಲ್ಲಬಹುದು. ಅದೇ ವೇಗದಲ್ಲಿ ಅದು ತುಂಬಲು 8 ಮಿಲಿಸೆಕೆಂಡ್ ಬೇಕು. ಅರ್ಧಕ್ಕೂ ಎಂಟಕ್ಕೂ ನಡುವೆ ಇರುವ ಆ ಅಂತರದಲ್ಲೇ ನಮ್ಮ ಎರಡು ವಾರ ಕಳೆದುಹೋಗಿತ್ತು.

ಮಂಗಳೂರಿನಿಂದ 16550ಎ ಇರುವ ಸೀರಿಯಲ್ ಕಾರ್ಡ್ ತರಿಸಿದೆವು. ಅದೇ ವಿಂಡೋಸ್ 3.1ರಲ್ಲೇ ತಪ್ಪುಗಳು ಬಹುಪಾಲು ನಿಂತವು. ಚಿಪ್ ನೋಡುವ ಮೊದಲೇ ಸೆಟ್ಟಿಂಗ್ ತಿರುಗಿಸಲು ಕೂತದ್ದು ನಮ್ಮ ತಪ್ಪು. ಈಗ ಯಾರಾದರೂ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಫ್ಲಾಪಿ ಪರೀಕ್ಷೆ

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಡಿಟಿಪಿ ಅಂದರೆ ಫ್ಲಾಪಿ ಕೆಲಸ. ಪ್ರೆಸ್ಸಿಗೆ ಕೊಡಲು ದಿನಕ್ಕೆ ಹತ್ತು ಸಲ ಫ್ಲಾಪಿ ಹಾಕಬೇಕು. ವಿಂಡೋಸ್ 3.1 ಡಿಸ್ಕ್ ಕೆಲಸಕ್ಕೆ ಕೆಳಗಿನ ಡಾಸ್ ಮತ್ತು ಬಯಾಸನ್ನೇ ನೆಚ್ಚಿಕೊಂಡಿತ್ತು, ಅಲ್ಲಿಗೆ ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶ. ಫ್ಲಾಪಿ ತಿರುಗುವಷ್ಟು ಹೊತ್ತು ಕರೆ ಮಾಡಿದವರು ಸುಮ್ನೆ ಕಾಯಬೇಕು. ಎಷ್ಟೋ ಸಲ ಫೈಲ್ ಅರ್ಧಕ್ಕೆ ಬಿಟ್ಟುಹೋಗುತ್ತಿತ್ತು.

ಆಗ ಐಬಿಎಂನ ಆಪರೇಟಿಂಗ್ ಸಿಸ್ಟಂ ಓಎಸ್/2 ವಾರ್ಪ್ ಹಾಕುವ ತೀರ್ಮಾನ ಮಾಡಿದೆವು. 1994ರ ಕೊನೆಗೆ ಬಂದ ಆವೃತ್ತಿ. ಯಂತ್ರದಲ್ಲಿ ಮೊದಲೇ ವಿಂಡೋಸ್ 3.1 ಇದ್ದರೆ ಅದನ್ನೇ ಬಳಸಿಕೊಳ್ಳುವ ಕಡಿಮೆ ಬೆಲೆಯ ಪ್ಯಾಕ್ ಒಂದಿತ್ತು, ಅದು ನಮಗೆ ಸಾಕಾಯಿತು. ಆದರೆ 8 ಎಂಬಿಯಲ್ಲಿ ಹಾರ್ಡ್ ಡಿಸ್ಕ್ ಎಡೆಬಿಡದೆ ಕೆರೆಯುತ್ತಿತ್ತು. ಇನ್ನೂ 8 ಎಂಬಿ ಹಾಕಲೇಬೇಕಾಯಿತು. ಈ ಇಡೀ ಕೆಲಸದಲ್ಲಿ ಮಾಷ್ಟ್ರು ಮಾಡಿದ ದೊಡ್ಡ ಖರ್ಚು ಅದೇ.

ಹಾಕಿದ ಮೇಲೆ ಮೊದಲ ದಿನವೇ ಹೊಸ ಕಷ್ಟ. ಕರೆ ಬರುತ್ತದೆ, ಮೊಡೆಮ್ ಎತ್ತುತ್ತದೆ, ಕನೆಕ್ಟ್ ಆಗುತ್ತದೆ, ಬಿಬಿಎಸ್‌ನ ಹೆಸರು ಮೂಡುವ ಮೊದಲೇ ಕಟ್. ಪ್ರತಿಸಲವೂ ಅದೇ ಕ್ಷಣದಲ್ಲಿ. ಕರೆ ಎತ್ತುವುದು ಮೇಲರ್ ಎಂಬ ಒಂದು ಪ್ರೋಗ್ರಾಂ, ಅದು ಮುಗಿದು ಬಿಬಿಎಸ್‌ನ ಕೈಗೆ ಕೊಡುತ್ತದೆ. ಡಾಸ್‌ನಲ್ಲಿ ಈ ಕೈಬದಲು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಓಎಸ್/2 ಮಾತ್ರ ಮೇಲರ್ ಮುಗಿದ ಕೂಡಲೇ ಪೋರ್ಟ್ ಖಾಲಿ ಎಂದು ತಿಳಿದು ಡಿಟಿಆರ್ ಸಿಗ್ನಲ್ (ಕಂಪ್ಯೂಟರ್ ಸಿದ್ಧವಿದೆ ಎಂದು ಮೊಡೆಮ್‌ಗೆ ಹೇಳುವ ಸೂಚನೆ) ಇಳಿಸುತ್ತಿತ್ತು. ಡಿಟಿಆರ್ ಇಳಿದರೆ ಫೋನ್ ಇಡು ಎಂದು ಮೊಡೆಮ್‌ಗೆ ನಾವೇ ಹೇಳಿಟ್ಟಿದ್ದೆವು. ಆ ಡಾಸ್ ಸೆಷನ್ನಿನ ಸೆಟ್ಟಿಂಗ್‌ಗಳಲ್ಲಿ ಕಾಮ್_ಹೋಲ್ಡ್ ಎಂಬುದನ್ನು ಆನ್ ಮಾಡಿದೆವು. ಸೆಷನ್ ಮುಚ್ಚುವ ತನಕ ಪೋರ್ಟ್ ಅದರದ್ದೇ. ಕಟ್ ಆಗುವುದು ನಿಂತಿತು.

ಮೊಡೆಮ್ ಕಡೆಯ ಡಿಟಿಆರ್ ಸೆಟ್ಟಿಂಗನ್ನೇ ತೆಗೆದುಬಿಟ್ಟರೂ ಆಗುತ್ತಿತ್ತು. ಆಗ ಬಿಬಿಎಸ್ ಕೈಕೊಟ್ಟರೆ ಫೋನ್ ಕೆಳಗಿಡುವವರು ಯಾರೂ ಇಲ್ಲ. ಕರೆ ಮಾಡಿದವರ ಬಿಲ್ ಏರುತ್ತಾ ಇರುತ್ತದೆ. ಹಾಗಾಗಿ ಅದನ್ನು ಮುಟ್ಟಲಿಲ್ಲ.

ಮುಂದಿನದ್ದು ಕಾಯುವ ವಿಷಯ, ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು. ಬಿಬಿಎಸ್ ದಿನದ ಬಹುಪಾಲು ಏನೂ ಮಾಡುವುದಿಲ್ಲ, ಕರೆಗೆ ಕಾಯುತ್ತದೆ. ಡಾಸ್ ಪ್ರೋಗ್ರಾಂ ಕಾಯುವುದೆಂದರೆ "ಕರೆ ಬಂತಾ, ಬಂತಾ" ಎಂದು ನಿಲ್ಲಿಸದೆ ಕೇಳುತ್ತಾ ಇರುವುದು. ಇಡೀ ಪ್ರೊಸೆಸರ್ ತಿಂದು ಕಾಯುತ್ತದೆ. ಇಂಥದ್ದನ್ನು ಗುರುತಿಸಿ ಹಿಂದಕ್ಕೆ ತಳ್ಳಲು ಓಎಸ್/2ನಲ್ಲಿ ಐಡಲ್_ಸೆನ್ಸಿಟಿವಿಟಿ ಎಂಬ ಸೆಟ್ಟಿಂಗ್ ಇದೆ, ಮೊದಲಿಗೆ 75 ಇರುತ್ತದೆ. ನಮ್ಮಲ್ಲಿ ಆಗಿದ್ದೇನೆಂದರೆ, ಕರೆಯ ನಡುವೆ ಯಾರಾದರೂ ಓದುತ್ತಾ ನಿಂತರೆ ಬಿಬಿಎಸ್ ಖಾಲಿ ಕೂತಿದೆ ಎಂದು ಅದನ್ನೂ ಹಿಂದಕ್ಕೆ ತಳ್ಳುತ್ತಿತ್ತು. ಮತ್ತೆ ಏನಾದರೂ ಒತ್ತಿದರೆ ಉತ್ತರ ಬರಲು ತಡ. 100 ಮಾಡಿದರೆ ಈ ಗುರುತಿಸುವಿಕೆಯೇ ನಿಲ್ಲುತ್ತದೆ. ಮಾಡಿದೆವು. ಕರೆಗಳು ಚುರುಕಾದವು, ಕನ್ನಡ ಪುಟ ಪ್ರಿಂಟ್ ಆಗುವುದು ಎಷ್ಟು ನಿಧಾನವಾಯಿತೆಂದರೆ ಹುಡುಗಿ ಮೊದಲ ದಿನವೇ ಬಂದು, "ಅಣ್ಣ, ಇದು ಹೀಗಾದರೆ ನನಗೆ ಆಗುದಿಲ್ಲ" ಎಂದಳು.

ಅವಳು ಹೇಳಿದ್ದು ಸರಿ. ಸೆಂಟರಿನ ಬಾಡಿಗೆ ಹುಟ್ಟುತ್ತಿದ್ದದ್ದು ಅವಳ ಕೆಲಸದಿಂದ.

ದಾರಿ ಸಿಕ್ಕಿದ್ದು ಮೇಲರ್‌ನ ಸೆಟಪ್ಪಿನಲ್ಲೇ. ಕಾಯುವಾಗ ತನ್ನ ಸರದಿಯನ್ನು ತಾನಾಗಿ ಬಿಟ್ಟುಕೊಡುವ ಒಂದು ಕರೆ ಇದೆ, ಇಂಟರಪ್ಟ್ 2ಎಫ್, ಸಂಖ್ಯೆ 1680. ವಿಂಡೋಸಿಗೂ ಓಎಸ್/2ಗೂ ಅದು ಅರ್ಥವಾಗುತ್ತದೆ. ನಮ್ಮ ಮೇಲರ್‌ನಲ್ಲಿ ಇದಕ್ಕೆ ಒಂದು ಸಾಲು ಇತ್ತು, ಡಾಸ್‌ಗಾಗಿ ಹಿಂದೆಂದೋ ಆಫ್ ಮಾಡಿಟ್ಟದ್ದು. ಆನ್ ಮಾಡಿದೆವು. ಐಡಲ್_ಸೆನ್ಸಿಟಿವಿಟಿ 100ರಲ್ಲೇ ಇರಲಿ, ಪ್ರೋಗ್ರಾಂ ತಾನೇ ಮರ್ಯಾದೆಯಿಂದ ಕಾಯಲಿ. ಪ್ರಿಂಟ್ ಹಳೆಯ ವೇಗಕ್ಕೆ ಬಂತು.

ಜೊತೆಗೆ ಓಎಸ್/2ನ ಸ್ವಂತ ಸೀರಿಯಲ್ ಡ್ರೈವರ್ ತೆಗೆದು ರೇ ಗ್ವಿನ್ ಬರೆದ ಎಸ್‌ಐಓ ಹಾಕಿದೆವು. ಡಾಸ್ ಕಾಲದಲ್ಲಿ ಬಿಬಿಎಸ್‌ಗೂ ಸೀರಿಯಲ್ ಪೋರ್ಟಿಗೂ ನಡುವೆ ಕೆಲಸ ಮಾಡುತ್ತಿದ್ದ ಎಕ್ಸ್00 ಫಾಸಿಲ್ ಡ್ರೈವರ್ ಬರೆದವರೂ ಅವರೇ, ಬಿಬಿಎಸ್ ಪ್ರೋಗ್ರಾಂಗಳಿಗೆ ಏನು ಬೇಕೆಂದು ಬಲ್ಲವರು.

ಒಂದು ಸಂಜೆ ಪರೀಕ್ಷೆ ಮಾಡಿದೆವು. ನಾನು ಡಾಕ್ಟರ ಮನೆಯಿಂದ ಕರೆ ಮಾಡಿ ಒಂದು ದೊಡ್ಡ ಫೈಲ್ ಕಳಿಸಲು ಶುರು ಮಾಡಿದೆ. ಇಲ್ಲಿ ಹುಡುಗಿ ಆಮಂತ್ರಣ ಪತ್ರ ಪ್ರಿಂಟ್ ಕೊಟ್ಟು, ಹೊಸ ಫ್ಲಾಪಿ ಹಾಕಿ ಫಾರ್ಮ್ಯಾಟ್ ಮಾಡಲು ಬಿಟ್ಟಳು. ಡಾಕ್ಟರ ಪರದೆಯಲ್ಲಿ ಸಂಖ್ಯೆ ಒಂದೇ ಸಮ ಏರುತ್ತಿತ್ತು. ಫೈಲ್ ಪೂರ್ತಿ ಹೋಯಿತು, ಒಂದೇ ಒಂದು ತಪ್ಪಿಲ್ಲ. ಡಾಕ್ಟರು ಚಹಾ ತರಿಸಿದರು.

ನಿಂತ ಪರದೆ

ಸಂಜೆ 4ಕ್ಕೆ ಧಾರಣೆ ಹಾಕುವುದು ಶುರುವಾಗಿ ಮೂರನೇ ವಾರ. ಪರದೆ ಹಠಾತ್ತನೆ ನಿಂತಿತು. ಮೌಸ್ ಬಾಣ ಓಡುತ್ತದೆ, ಒತ್ತಿದರೆ ಏನೂ ಇಲ್ಲ. ಕೀಬೋರ್ಡ್ ಕೇಳುವುದಿಲ್ಲ. ಮಾಷ್ಟ್ರ ಕೈ ರೀಸೆಟ್ ಬಟನ್ ಕಡೆ ಹೋಯಿತು.

"ತಡೀರಿ ಮಾಷ್ಟ್ರೇ," ಎಂದಳು ಹುಡುಗಿ. "ಮೊಡೆಮ್ ದೀಪ ನೋಡಿ."

ಮೊಡೆಮ್‌ನ ಎಸ್‌ಡಿ ದೀಪ (ಕಂಪ್ಯೂಟರಿನಿಂದ ಡೇಟಾ ಹೊರಗೆ ಹೋಗುವಾಗ ಉರಿಯುವುದು) ಎಡೆಬಿಡದೆ ಮಿನುಗುತ್ತಿತ್ತು. ಯಾರೋ ಫೈಲ್ ಇಳಿಸಿಕೊಳ್ಳುತ್ತಿದ್ದರು. ಪರದೆ ನಿಂತಿದೆ, ಬಿಬಿಎಸ್ ನಿಂತಿಲ್ಲ.

ವಾರ್ಪ್‌ನಲ್ಲಿ ಕೀಬೋರ್ಡ್, ಮೌಸ್‌ನ ಸೂಚನೆಗಳಿಗೆಲ್ಲ ಒಂದೇ ಸಾಲು. ಮುಂದೆ ನಿಂತ ಪ್ರೋಗ್ರಾಂ ತನ್ನದನ್ನು ಎತ್ತಿಕೊಳ್ಳದಿದ್ದರೆ ಹಿಂದಿನವರೆಲ್ಲ ನಿಲ್ಲಬೇಕು. ಆದರೆ ಒಳಗೆ ಡಾಸ್ ಸೆಷನ್‌ಗಳು ತಮ್ಮ ಪಾಡಿಗೆ ಓಡುತ್ತಲೇ ಇರುತ್ತವೆ. ಆ ದಿನ ನಮಗೆ ಇದೆಲ್ಲ ಗೊತ್ತಿರಲಿಲ್ಲ, ದೀಪ ನೋಡಿ ತಿಳಿದದ್ದು. ಹತ್ತು ನಿಮಿಷ ಕಾದೆವು. ದೀಪ ಆರಿತು, ಮೊಡೆಮ್ ಫೋನ್ ಇಟ್ಟಿತು. ಆಮೇಲೆ ಕಂಟ್ರೋಲ್-ಆಲ್ಟ್-ಡೆಲ್. ಅದು ಡಿಸ್ಕಿಗೆ ಬರೆಯಬೇಕಾದದ್ದನ್ನು ಬರೆದೇ ಯಂತ್ರವನ್ನು ಮತ್ತೆ ಏಳಿಸುತ್ತದೆ. ರೀಸೆಟ್ ಬಟನ್‌ನಿಂದ ಅಷ್ಟಾಗುವುದಿಲ್ಲ.

ಅಲ್ಲಿಂದ ಮುಂದೆ ರೀಸೆಟ್ ಒತ್ತುವ ಮೊದಲು ದೀಪ ನೋಡುವುದು ಸೆಂಟರಿನ ನಿಯಮವಾಯಿತು. ಅವಳು ಅದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮಾನಿಟರಿನ ಕೆಳಗೆ ಅಂಟಿಸಿದಳು.

ಎರಡನೇ ಲೈನ್

ಸಂಜೆ ಲೈನ್ ಎಂಗೇಜ್ ಆಗತೊಡಗಿತು. ಮಾಷ್ಟ್ರು ಎರಡನೇ ಫೋನಿಗೆ ಒಂದು ಇಂಟರ್ನಲ್ ಮೊಡೆಮ್ ಹಾಕಿಸಿದರು, ಕಾಮ್4ಕ್ಕೆ. ಮೊದಲನೆಯದು ಕಾಮ್2ರಲ್ಲಿ. ರೂಢಿಯಂತೆ ಎರಡಕ್ಕೂ ಐಆರ್‌ಕ್ಯು 3, ಅಂದರೆ ಪ್ರೊಸೆಸರನ್ನು ಕರೆಯಲು ಬಾರಿಸುವ ಗಂಟೆ ಒಂದೇ. ಆ ಕಾಲದ ಐಎಸ್ಎ ಸ್ಲಾಟ್‌ಗಳಲ್ಲಿ ಇಬ್ಬರು ಒಂದೇ ಗಂಟೆ ಬಾರಿಸುವಂತಿಲ್ಲ. ಜಂಪರ್ ಬದಲಿಸಿ ಹೊಸದನ್ನು 5ಕ್ಕೆ ತಂದೆವು. ಆದರೂ ಡಾಸ್ ಪರದೆಯಿಂದ ಡಿಟಿಪಿ ಪರದೆಗೆ ಬದಲಿಸಿದಾಗಲೆಲ್ಲ ಎರಡನೇ ಮೊಡೆಮ್‌ಗೆ ಜೀವ ಹೋದ ಹಾಗಾಗುತ್ತಿತ್ತು. ಆಗಿನ ಹಲವು ಗ್ರಾಫಿಕ್ಸ್ ಕಾರ್ಡ್‌ಗಳು ಬಳಸುವ ವಿಳಾಸಗಳು 2ಇ8 ಎಂದೇ ಕೊನೆಗೊಳ್ಳುತ್ತವೆ, ಕಾಮ್4ರ ವಿಳಾಸವೂ 2ಇ8. ಮೊಡೆಮ್ ವಿಳಾಸದ ಮೊದಲ ಭಾಗ ನೋಡುವುದೇ ಇಲ್ಲ, ಪರದೆಗೆ ಹೋಗುವ ಮಾತನ್ನು ತನಗೇ ಎಂದುಕೊಳ್ಳುತ್ತದೆ. ಕಾಮ್3ಕ್ಕೆ, ಅಂದರೆ 3ಇ8ಕ್ಕೆ ಬದಲಿಸಿ, ಐಆರ್‌ಕ್ಯು 5ನ್ನೇ ಇಟ್ಟು, ಎಸ್‌ಐಓ ಸಾಲಿನಲ್ಲಿ ಅದನ್ನು ಬರೆದೆವು. ಸರಿಹೋಯಿತು.

ಇದಕ್ಕಿಂತ ನನಗೆ ಹೆಚ್ಚು ಮುಜುಗರವಾದದ್ದು ಇನ್ನೊಂದು. ವ್ಯಾಪಾರಿಯೊಬ್ಬರು ಧಾರಣೆ ನೋಡಲು ಹೋದಾಗ ಬಿಬಿಎಸ್ ಅವರನ್ನು ಡಾಕ್ಟರ ಹೆಸರಿನಿಂದ ಸ್ವಾಗತಿಸಿತು. ಧಾರಣೆ ತೋರಿಸುವುದು ಒಂದು ಬೇರೆ ಪ್ರೋಗ್ರಾಂ. ಕರೆ ಮಾಡಿದವರು ಯಾರೆಂದು ತಿಳಿಸಲು ಬಿಬಿಎಸ್ ಒಂದು ಸಣ್ಣ ಫೈಲ್ ಬರೆದಿಡುತ್ತದೆ, ಅದು ಓದಿಕೊಳ್ಳುತ್ತದೆ. ಎರಡೂ ಲೈನ್‌ಗಳನ್ನು ನಾನು ಒಂದೇ ಡೈರೆಕ್ಟರಿಯಿಂದ ಚಾಲೂ ಮಾಡಿದ್ದೆ. ಎರಡನೆಯವರ ಫೈಲ್ ಮೊದಲನೆಯವರ ಮೇಲೆ ಕೂತಿತ್ತು. ಆ ದಿನ ಬರೀ ಹೆಸರು ಅದಲುಬದಲಾಯಿತು. ಒಬ್ಬರ ಖಾಸಗಿ ಸಂದೇಶ ಇನ್ನೊಬ್ಬರಿಗೆ ಕಂಡಿದ್ದರೆ? ಅದೇ ರಾತ್ರಿ ಎರಡನೇ ಲೈನ್ ನಿಲ್ಲಿಸಿದೆ. ಒಂದೊಂದು ಲೈನಿಗೆ ಒಂದೊಂದು ಡೈರೆಕ್ಟರಿ, ಒಂದೊಂದು ನೋಡ್ ನಂಬರ್ ಕೊಟ್ಟು, ಎರಡು ಕಡೆಯಿಂದ ಒಟ್ಟಿಗೆ ಕರೆ ಮಾಡಿಸಿ ನೋಡಿದ ಮೇಲೆಯೇ ಮತ್ತೆ ತೆರೆದದ್ದು. ಮಾಷ್ಟ್ರು ವ್ಯಾಪಾರಿಗೂ ಡಾಕ್ಟರಿಗೂ ತಾವೇ ಫೋನ್ ಮಾಡಿ ಆದದ್ದನ್ನು ಹೇಳಿದರು.

ಕರೆಂಟ್ ಹೋಗುವುದು ಇದ್ದೇ ಇತ್ತು. ಯುಪಿಎಸ್ ಹತ್ತು ನಿಮಿಷ ತಾಳುತ್ತಿತ್ತು. ರಾತ್ರಿ ಯಾರೂ ಇಲ್ಲದಾಗ ಹೋದರೆ ಯಂತ್ರ ಹಾಗೇ ಆರುತ್ತಿತ್ತು. ಒಮ್ಮೆ ಬಳಕೆದಾರರ ಫೈಲೇ ಕೆಟ್ಟಿತು. ಡಿಸ್ಕಿನಲ್ಲಿ ಫೈಲ್‌ಗಳನ್ನು ಇಡುವ ಓಎಸ್/2ನ ವ್ಯವಸ್ಥೆ ಎಚ್‌ಪಿಎಫ್ಎಸ್ ಬರೆಯಬೇಕಾದದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡು ಆಮೇಲೆ ಬರೆಯುತ್ತದೆ, ವೇಗ ಅದರಿಂದಲೇ. ಅದನ್ನು ನಿಲ್ಲಿಸಿದೆವು. ಮತ್ತೆ ಏಳುವಾಗ ಡಿಸ್ಕ್ ತಾನೇ ಪರೀಕ್ಷಿಸಿಕೊಂಡು ಎರಡೂ ಲೈನ್ ಚಾಲೂ ಆಗುವ ಹಾಗೆ ಮಾಡಿದೆವು. ಡಿಟಿಪಿ ಸ್ವಲ್ಪ ನಿಧಾನವಾಗುತ್ತದೆ ಎಂದು ಹುಡುಗಿಗೆ ಮೊದಲೇ ಹೇಳಿದ್ದೆ. ಈ ಸಲ ಅವಳು ಒಪ್ಪಿದಳು.

1996ರ ಮಳೆಗಾಲದ ಹೊತ್ತಿಗೆ ಎರಡೂ ಲೈನ್ ಹಗಲು ರಾತ್ರಿ ನಡೆಯುತ್ತಿದ್ದವು. ಮತ್ತೆ ಮಾಡುವುದಾದರೆ ನಾನು ಕೆಲವನ್ನು ಹಿಂದುಮುಂದು ಮಾಡುತ್ತೇನೆ. ಮೊದಲು ಚಿಪ್ ನೋಡುತ್ತೇನೆ. ಎರಡನೇ ಲೈನಿಗೆ ಕೈ ಹಾಕುವ ಮೊದಲೇ ಡೈರೆಕ್ಟರಿ ಬೇರೆ ಮಾಡುತ್ತೇನೆ. ಒಮ್ಮೆಗೆ ಒಂದೇ ಸೆಟ್ಟಿಂಗ್ ಮುಟ್ಟಿ ಒಂದು ದಿನ ಬಿಡುತ್ತೇನೆ. ಯಂತ್ರದ ಮುಂದೆ ದಿನವಿಡೀ ಕೂರುವ ಹುಡುಗಿಯನ್ನು ಮೊದಲ ದಿನವೇ ಕೂರಿಸಿ ಕೇಳುತ್ತೇನೆ.

ಆ ಇಬ್ಬರು ಹುಡುಗರು ಲಿನಕ್ಸ್‌ನಲ್ಲಿ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಎಮು ಒಳಗೆ ಬಿಬಿಎಸ್ ಓಡಿಸುತ್ತಿದ್ದರು. ಯಾರೂ ಕರೆ ಮಾಡದಿದ್ದರೂ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಫ್ಯಾನ್ ನಿಲ್ಲುವುದೇ ಇಲ್ಲ ಎಂದರು. ನಾನು ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದು ಕಳಿಸಿದೆ, 2ಎಫ್ 1680 ಎಂದು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದದ್ದು. ಆ ಕರೆ ಡಾಸ್‌ಎಮುಗೂ ಅರ್ಥವಾಗುತ್ತದೆ. ಮೇಲರ್ ಸೆಟಪ್ಪಿನಲ್ಲಿ ಆ ಸಾಲು ಆಫ್ ಇತ್ತಂತೆ. ಆನ್ ಮಾಡಿದರು, ಫ್ಯಾನ್ ನಿಂತಿತು ಎಂದು ರಾತ್ರಿಯೇ ಮೆಸೇಜ್ ಬಂತು.